ಎಚ್‌ಐವಿ ಚಿಕಿತ್ಸೆ ಶುರು ಮಾಡಿದವರು ನಡುವೆ ಕಾಣೆಯಾಗುತ್ತಾರೆ, ಏನು ಮಾಡುವುದು?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಎಚ್‌ಐವಿ ಇರುವ ಗೇ ಹುಡುಗರು ಮತ್ತು ಟ್ರಾನ್ಸ್ ಮಹಿಳೆಯರ ಜೊತೆ ಸ್ವಯಂಸೇವಕನಾಗಿ ಕೆಲಸ ಮಾಡುತ್ತೇನೆ. ಟೆಸ್ಟ್‌ಗೆ ಒಪ್ಪಿಸುವುದು ಈಗ ಮೊದಲಿನಷ್ಟು ಕಷ್ಟವಿಲ್ಲ. ಪಾಸಿಟಿವ್ ಬಂದವರನ್ನು ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ) ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮಾತ್ರೆ ಶುರು ಮಾಡಿಸುವುದೂ ಆಗುತ್ತದೆ. ತೊಂದರೆ ಆಮೇಲೆ. ಮೊದಲ ಕೆಲವು ತಿಂಗಳು ಬರುತ್ತಾರೆ, ನಂತರ ಪತ್ತೆಯೇ ಇಲ್ಲ. ಫೋನ್ ಎತ್ತುವುದಿಲ್ಲ. ಎತ್ತಿದರೆ "ನಾಳೆ ಖಂಡಿತ ಬರ್ತೀನಿ ಅಣ್ಣ" ಅಂತಾರೆ. ಆ ನಾಳೆ ಬರುವುದೇ ಇಲ್ಲ.

ಮಾತ್ರೆ ಮುಗಿಯುವ ಹೊತ್ತಿಗೆ ನೆನಪಿಸಲು ಮೆಸೇಜ್ ಕಳಿಸುತ್ತೇವೆ. ಓದಿದ್ದಾರೆ ಅಂತ ನೀಲಿ ಟಿಕ್ ತೋರಿಸುತ್ತದೆ, ಮನುಷ್ಯ ಬರುವುದಿಲ್ಲ. ಔಷಧಕ್ಕೆ ದುಡ್ಡು ಕೊಡಬೇಕಿಲ್ಲ, ದಿನಕ್ಕೆ ಒಂದೇ ಮಾತ್ರೆ. ಆದರೂ ಯಾಕೆ ಹೀಗೆ? ಅರಿವು ಮೂಡಿಸಬೇಕು, ಜಾಗೃತಿ ಹೆಚ್ಚಬೇಕು ಅನ್ನುವ ಭಾಷಣದ ಮಾತು ದಯವಿಟ್ಟು ಬೇಡ. ಮಾಡಲು ಆಗುವಂಥದ್ದು ಹೇಳಿ.

ಹಳೇಹುಲಿ:
ಮೆಸೇಜ್ ವಿಷಯ ಮೊದಲು ಹೇಳಿಬಿಡುತ್ತೇನೆ. ಯಾರೂ ಮರೆತು ಬಿಡುವುದಿಲ್ಲ. ಎಚ್‌ಐವಿ ಇದೆ ಅನ್ನುವುದನ್ನು ಮರೆಯಲು ಆಗುತ್ತದಾ? ಮರೆಯಬೇಕು ಅಂತಲೇ ಎಷ್ಟೋ ಜನ ಮಾತ್ರೆ ಬಿಡುತ್ತಾರೆ. ದಿನಾ ಡಬ್ಬಿ ತೆಗೆದಾಗ ಅದೇ ನೆನಪು. ಅದರ ಮೇಲೆ ನಿಮ್ಮ ಮೆಸೇಜ್ ಬೇರೆ!

ನಾನು ಗೇ. ತುಂಬಾ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದೇನೆ. ಬಿಡದೆ ಉಳಿದದ್ದಕ್ಕೆ ಕಾರಣ ಸಿಡಿ4 (ರೋಗದ ಜೊತೆ ಹೋರಾಡುವ ರಕ್ತಕಣ) ಲೆಕ್ಕ ಅಲ್ಲ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದಷ್ಟು ಇಳಿದು ಹಾಗೇ ನಿಂತರೆ ನನ್ನಿಂದ ನನ್ನ ಸಂಗಾತಿಗೆ ಸೆಕ್ಸ್ ಮೂಲಕ ಎಚ್‌ಐವಿ ಹೋಗುವುದಿಲ್ಲ ಎಂದು ಗೊತ್ತಾದದ್ದು. ಸಾಧ್ಯತೆ ಕಡಿಮೆ ಅಂತಲ್ಲ, ಹೋಗುವುದೇ ಇಲ್ಲ. ಪಾರ್ಟ್‌ನರ್ 2 ಅಂತ ಯುರೋಪಿನ 14 ದೇಶಗಳಲ್ಲಿ ಒಂದು ಅಧ್ಯಯನ ಮಾಡಿದರು. ಲ್ಯಾನ್ಸೆಟ್‌ನಲ್ಲಿ 2019ರಲ್ಲಿ ಬಂತು. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 782 ಗೇ ಜೋಡಿಗಳು. ಕಾಂಡೋಮ್ ಇಲ್ಲದೆ 76,000ಕ್ಕೂ ಹೆಚ್ಚು ಸಲ ಗುದ ಸಂಭೋಗ. ಆ ಅವಧಿಯಲ್ಲಿ 15 ಜನರಿಗೆ ಹೊಸದಾಗಿ ಸೋಂಕು ಬಂದದ್ದು ನಿಜ. ಆದರೆ ವೈರಸ್ಸಿನ ವಂಶವಾಹಿ ಹೋಲಿಸಿ ನೋಡಿದರೆ ಒಂದೂ ಮನೆಯ ಸಂಗಾತಿಯಿಂದ ಬಂದದ್ದಲ್ಲ, ಎಲ್ಲ ಹೊರಗಿನಿಂದ.

ಇದನ್ನು ನನಗೆ ಹೇಳಿದ್ದು ಡಾಕ್ಟರಲ್ಲ, ಒಬ್ಬ ಗೆಳೆಯ. ಡಾಕ್ಟರು ರಿಪೋರ್ಟ್ ನೋಡಿ "ಗುಡ್, ಹೀಗೇ ಮುಂದುವರಿಸಿ" ಅಂದರು, ಅಷ್ಟೇ. ಮುಟ್ಟಿದರೆ ಇನ್ನೊಬ್ಬರಿಗೆ ವಿಷ ಕೊಟ್ಟ ಹಾಗೆ ಅಂದುಕೊಂಡು ಬದುಕುತ್ತಿದ್ದ ಹುಡುಗನಿಗೆ "ಗುಡ್" ಅಂದರೆ ಏನು ಅರ್ಥವಾಗಬೇಕು?

ಸುಮ್ನೆಓದುವವ:
ಬೈಯಬೇಡಿ, ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಶುಗರ್ ಇರುವವರು, ಬಿಪಿ ಇರುವವರು ಜೀವಮಾನವಿಡೀ ಮಾತ್ರೆ ತಗೊಳ್ಳುತ್ತಾರೆ. ಅವರನ್ನು ಹಿಂದೆ ಬಿದ್ದು ಕರೆಯಲು ಯಾರೂ ಇಲ್ಲ. ಇಲ್ಲಿ ಕೌನ್ಸೆಲರ್ ಇದ್ದಾರೆ, ಸ್ವಯಂಸೇವಕರಿದ್ದಾರೆ, ಔಷಧ ಉಚಿತ. ಆದರೂ ಬರದಿದ್ದರೆ ಅವರದೂ ಸ್ವಲ್ಪ ಜವಾಬ್ದಾರಿ ಇರಬೇಕಲ್ವಾ?

ನೀಲಿಕೊಡೆ:
ಶುಗರ್ ಇರುವವರೂ ಮಾತ್ರೆ ಬಿಡುತ್ತಾರೆ ಸ್ವಾಮಿ, ಬೇಕಾದಷ್ಟು ಜನ. ಆದರೆ ಶುಗರ್ ಬಂದವರನ್ನು ಯಾರೂ "ಯಾರ ಜೊತೆ ಮಲಗಿದ್ದೆ" ಅಂತ ಕೇಳುವುದಿಲ್ಲ.

ನಾನು ಟ್ರಾನ್ಸ್ ಮಹಿಳೆ. ಒಂದು ಆಸ್ಪತ್ರೆಯಲ್ಲಿ ನನ್ನ ದಿನ ಹೇಗಿರುತ್ತಿತ್ತು ಅಂತ ಹೇಳುತ್ತೇನೆ, ಜವಾಬ್ದಾರಿ ಯಾರದು ಅಂತ ಆಮೇಲೆ ನೀವೇ ಹೇಳಿ. ಚೀಟಿ ಮಾಡಿಸಲು ಗಂಡಸರ ಸಾಲಿನಲ್ಲಿ ನಿಂತರೆ ಅವರು ನಗುತ್ತಾರೆ, ಹೆಂಗಸರ ಸಾಲಿನಲ್ಲಿ ನಿಂತರೆ ಅವರು ದೂರ ಸರಿಯುತ್ತಾರೆ. ಕಾರ್ಡಿನಲ್ಲಿರುವುದು ಹುಟ್ಟಿದಾಗ ಇಟ್ಟ ಗಂಡು ಹೆಸರು. ಅದನ್ನು ಜೋರಾಗಿ ಕೂಗುತ್ತಾರೆ. ಸೀರೆ ಉಟ್ಟ ನಾನು ಎದ್ದು ನಿಲ್ಲಬೇಕು. ಇಡೀ ಹಾಲ್ ತಿರುಗಿ ನೋಡುತ್ತದೆ. ಮುಂದಿನ ಸಲ ಹೆಸರು ಕೂಗಿದಾಗ ನಾನು ಎದ್ದೇಳಲೇ ಇಲ್ಲ, ಹೊರಗೆ ಹೋಗಿಬಿಟ್ಟೆ. ಅವರ ರಿಜಿಸ್ಟರಿನಲ್ಲಿ "ರೋಗಿ ಬಂದಿಲ್ಲ" ಅಂತ ಬರೆದಿರುತ್ತಾರೆ. ನಾನು ಬಂದಿದ್ದೆ.

ಇನ್ನೊಂದು ವಿಷಯ, ಮೈ ಹೆಣ್ಣಿನದಾಗಲು ನಾವು ತಗೊಳ್ಳುವ ಹಾರ್ಮೋನ್. ನಮ್ಮಲ್ಲಿ ಎಷ್ಟೋ ಜನರಿಗೆ ಎಚ್‌ಐವಿ ಮಾತ್ರೆಗಿಂತ ಹಾರ್ಮೋನ್ ಮುಖ್ಯ. ಹುಚ್ಚು ಅನ್ನಿಸಬಹುದು. ಆದರೆ ಕನ್ನಡಿಯಲ್ಲಿ ನನ್ನನ್ನು ನಾನು ಕಾಣುವುದು ಅದರಿಂದ. ಎಚ್‌ಐವಿ ಮಾತ್ರೆ ತಗೊಂಡರೆ ಹಾರ್ಮೋನ್ ಕೆಲಸ ಮಾಡುವುದಿಲ್ಲ ಅನ್ನುವ ಮಾತು ನಮ್ಮ ಮನೆಗಳಲ್ಲಿ ಓಡಾಡುತ್ತಲೇ ಇರುತ್ತದೆ. ನನ್ನ ಗೆಳತಿಯೊಬ್ಬಳು ಅದಕ್ಕೇ ಎಆರ್‌ಟಿ ನಿಲ್ಲಿಸಿದಳು. ಡಾಕ್ಟರನ್ನು ಕೇಳು ಅಂದೆ. "ಹಾರ್ಮೋನ್ ತಗೊಳ್ತೀನಿ ಅಂದ್ರೆ ಬೈತಾರೆ" ಅಂದಳು. ಇದು ಅವಳೊಬ್ಬಳ ಕಥೆಯಲ್ಲ. ಲಾಸ್ ಏಂಜಲೀಸ್‌ನಲ್ಲಿ ಟ್ರಾನ್ಸ್ ಮಹಿಳೆಯರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇದೇ ಭಯವಿತ್ತು.

ಬ್ಯಾಂಕಾಕ್‌ನಲ್ಲಿ ಟ್ರಾನ್ಸ್ ಜನರಿಗೆ ಅಂತಲೇ ಟ್ಯಾಂಜರೀನ್ ಅನ್ನುವ ಕ್ಲಿನಿಕ್ ಇದೆ, 2015ರಲ್ಲಿ ಶುರುವಾಯಿತು. ಹಾರ್ಮೋನ್ ಸಲಹೆ, ರಕ್ತ ಪರೀಕ್ಷೆ, ಎಚ್‌ಐವಿ ಚಿಕಿತ್ಸೆ ಎಲ್ಲ ಒಂದೇ ಸೂರಿನಡಿ. ಕೆಲಸ ಮಾಡುವವರಲ್ಲೂ ಟ್ರಾನ್ಸ್ ಜನರಿದ್ದಾರೆ. ಹಾರ್ಮೋನ್‌ಗೆ ಅಂತ ಬಂದವರು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಬರುತ್ತಲೇ ಇರುತ್ತಾರೆ. ನಮಗೆ ಬೇಕಾದ್ದು ಕೊಡುವ ಜಾಗಕ್ಕೆ ನಾವು ಯಾಕೆ ಹೋಗುವುದಿಲ್ಲ?

ಸುಮ್ನೆಓದುವವ:
ಹೆಸರು ಕೂಗುವ ವಿಷಯ ನನ್ನ ತಲೆಗೆ ಬಂದೇ ಇರಲಿಲ್ಲ ಅಕ್ಕಾ.

ಮಾತ್ರೆಡಬ್ಬಿ:
ಫಾರ್ಮಸಿಸ್ಟ್ ನಾನು. ನೀಲಿಕೊಡೆ ಅಕ್ಕ ಹೇಳಿದ ಹಾರ್ಮೋನ್ ವಿಷಯಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಇದರ ಬಗ್ಗೆ ಗಾಳಿಮಾತು ಜಾಸ್ತಿ.

ಈಗ ಹೆಚ್ಚಿನವರಿಗೆ ಕೊಡುವುದು ಡೊಲುಟೆಗ್ರಾವಿರ್ ಇರುವ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಮೊದಲ ಆಯ್ಕೆಯಾಗಿ ಹೇಳುತ್ತಿರುವುದು ಇದನ್ನೇ. ಜೊತೆಗೆ ಟೆನೊಫೊವಿರ್, ಲ್ಯಾಮಿವುಡಿನ್ ಇರುತ್ತವೆ. ಈ ಮೂರಕ್ಕೂ ಎಸ್ಟ್ರಡಯೋಲ್ ಅನ್ನುವ ಹೆಣ್ಣು ಹಾರ್ಮೋನ್‌ಗೂ ಹೇಳಿಕೊಳ್ಳುವಂಥ ಜಗಳವಿಲ್ಲ. ಎರಡನ್ನೂ ತಗೊಳ್ಳಬಹುದು. ಮೊದಲು ಜಾಸ್ತಿ ಬಳಕೆಯಲ್ಲಿದ್ದ ಎಫಾವಿರೆನ್ಜ್ ಅನ್ನುವ ಎಚ್‌ಐವಿ ಔಷಧ ಮಾತ್ರ ಎಸ್ಟ್ರಡಯೋಲ್ ಮಟ್ಟವನ್ನು ಇಳಿಸಬಲ್ಲದು. ಗಾಳಿಮಾತಿನ ಬೇರು ಅಲ್ಲಿರಬಹುದು. ರಿಟೊನಾವಿರ್ ಅಥವಾ ಕೊಬಿಸಿಸ್ಟಾಟ್ ಸೇರಿದ ಔಷಧ ಇದ್ದರೆ ಹಾರ್ಮೋನ್ ಪ್ರಮಾಣ ಏರುಪೇರಾಗಬಹುದು. ಆಗ ಡಾಕ್ಟರು ರಕ್ತದಲ್ಲಿ ಮಟ್ಟ ನೋಡಿ ಡೋಸ್ ಸರಿಮಾಡುತ್ತಾರೆ. ಯಾವುದನ್ನೂ ನಿಲ್ಲಿಸಬೇಕಿಲ್ಲ.

ನಿಜವಾಗಿ ಹೆದರಬೇಕಾದ್ದು ಬೇರೆ. ಡಾಕ್ಟರ ಹತ್ತಿರ ಹೋಗಲು ಹಿಂಜರಿದು ಗರ್ಭನಿರೋಧಕ ಮಾತ್ರೆಗಳನ್ನು ಮೂರು ನಾಲ್ಕು ಒಟ್ಟಿಗೆ ನುಂಗುವವರಿದ್ದಾರೆ. ಅವುಗಳಲ್ಲಿರುವ ಎಥಿನೈಲ್ ಎಸ್ಟ್ರಡಯೋಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. ಮತ್ತೆ, ಗಂಡು ಹಾರ್ಮೋನ್ ತಗ್ಗಿಸಲು ಸ್ಪೈರನೊಲ್ಯಾಕ್ಟೋನ್ ತಗೊಳ್ಳುವವರಿಗೆ ಸಿಡಿ4 ಇಳಿದಾಗ ಬೇರೆ ಸೋಂಕು ತಡೆಯಲು ಕೊಡುವ ಕೋಟ್ರೈಮೊಕ್ಸಜೋಲ್ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಹೃದಯಕ್ಕೆ ಒಳ್ಳೆಯದಲ್ಲ. ಹಾರ್ಮೋನ್ ತಗೊಳ್ಳುವುದನ್ನು ರೋಗಿ ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಬೈದರೆ ಅವರು ಹೇಳುವುದಿಲ್ಲ. ಹಾಗಾಗಿ ಬೈಯುವ ಡಾಕ್ಟರು ತನ್ನ ಕೆಲಸವನ್ನೇ ಕೆಡಿಸಿಕೊಳ್ಳುತ್ತಾನೆ.

ಇನ್ನೊಂದು ಪುಟ್ಟ ವಿಷಯ. ಹೊಟ್ಟೆ ಉರಿಗೆ ತಗೊಳ್ಳುವ ಆಂಟಾಸಿಡ್‌ನಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತವೆ. ಅದು ಡೊಲುಟೆಗ್ರಾವಿರನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಎಚ್‌ಐವಿ ಮಾತ್ರೆಯನ್ನು ಆಂಟಾಸಿಡ್‌ಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತಗೊಳ್ಳಿ.

ನೀಲಿಕೊಡೆ:
ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕವಾ?

ಮಾತ್ರೆಡಬ್ಬಿ:
ಖಾಲಿ ಹೊಟ್ಟೆಯಲ್ಲಿ ಆದರೆ ಅದೇ ಲೆಕ್ಕ. ಊಟದ ಜೊತೆ ಆದರೆ ಒಟ್ಟಿಗೇ ತಗೊಳ್ಳಬಹುದು.

ರಾತ್ರಿಪಾಳಿ:
ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನೀವು "ಕಾಣೆಯಾದವರು" ಅನ್ನುತ್ತಿದ್ದೀರಲ್ಲ, ಅದರಲ್ಲಿ ನಾನೂ ಒಬ್ಬ. ಮಾತ್ರೆ ನಿಲ್ಲಿಸಿ ಕೆಲವು ತಿಂಗಳಾಯಿತು.

ದೊಡ್ಡ ಕಾರಣ ಏನೂ ಇಲ್ಲ. ಕೆಲಸದ ಪಾಳಿ ಬದಲಾಯಿತು. ಕೇಂದ್ರ ತೆರೆದಿರುವುದು ಬೆಳಗ್ಗೆ ಮಾತ್ರ, ನಾನು ಆಗ ಮಲಗಿರುತ್ತೇನೆ. ಪ್ರತಿ ತಿಂಗಳೂ ರಜೆ ಕೇಳಿದಾಗ ಮೇಲಿನವರು "ಏನು ಕಾಯಿಲೆ" ಅಂದರು. ಒಂದು ತಿಂಗಳು ಹೋಗಲಿಲ್ಲ. ಮುಂದಿನ ತಿಂಗಳು ಹೋಗಲು ನಾಚಿಕೆ. ಅದರ ಮುಂದಿನ ತಿಂಗಳು ಭಯ. "ಇಷ್ಟು ದಿನ ಎಲ್ಲಿ ಸತ್ತಿದ್ದೆ" ಅಂತ ಎಲ್ಲರೆದುರು ಕೇಳುವ ಒಬ್ಬರಿದ್ದಾರೆ ಅಲ್ಲಿ. ನನ್ನ ಮುಂದೆಯೇ ಬೇರೆಯವರನ್ನು ಕೇಳಿದ್ದು ನೋಡಿದ್ದೇನೆ. ಅಮ್ಮನಿಗೆ ಗೊತ್ತಿಲ್ಲ. ನಾನು ಗೇ ಅನ್ನುವುದೂ ಗೊತ್ತಿಲ್ಲ, ಇದೂ ಗೊತ್ತಿಲ್ಲ.

ಈಗ ಮತ್ತೆ ಶುರು ಮಾಡಿದರೆ ಔಷಧ ನಾಟುತ್ತದಾ? ಅಥವಾ ಎಲ್ಲ ಹಾಳಾಗಿ ಹೋಯಿತಾ?

ಕಿವಿಗೊಡುವವಳು:
ರಾತ್ರಿಪಾಳಿಯವರೇ, ನಾನು ಆಪ್ತಸಮಾಲೋಚಕಿ. ಏನೂ ಹಾಳಾಗಿಲ್ಲ. ಬರೆದು ಒಳ್ಳೆಯ ಕೆಲಸ ಮಾಡಿದಿರಿ.

ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ, ಮೈ ಚೆನ್ನಾಗಿಯೇ ಇರುತ್ತದೆ, ಅದೇ ಮೋಸ. ಹಿಂದೆ ಡಾಕ್ಟರುಗಳೇ ಮಾತ್ರೆಗೆ ಬಿಡುವು ಕೊಟ್ಟು ನೋಡಿದ್ದರು. ಸ್ಮಾರ್ಟ್ ಅನ್ನುವ ಆ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಜನರಿದ್ದರು. ಬಿಟ್ಟು ಬಿಟ್ಟು ತಗೊಂಡವರಲ್ಲಿ ಕಾಯಿಲೆಯೂ ಸಾವೂ ಜಾಸ್ತಿ ಕಂಡು 2006ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಹಾಗಾಗಿ ಬೇಗ ಹೋಗಿ. ಡೊಲುಟೆಗ್ರಾವಿರ್ ತಗೊಳ್ಳುತ್ತಿದ್ದರೆ ಅದಕ್ಕೆ ವೈರಸ್ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಹೆಚ್ಚಿನವರು ಅದೇ ಮಾತ್ರೆಗೆ ಮರಳುತ್ತಾರೆ. ಸಿಡಿ4 ನೋಡುತ್ತಾರೆ. ಕೆಮ್ಮು, ಜ್ವರ, ತೂಕ ಇಳಿದಿದ್ದು ಇದ್ದರೆ ಹೇಳಿ, ಟಿಬಿ ಪರೀಕ್ಷೆ ಮಾಡುತ್ತಾರೆ. ಹೆಪಟೈಟಿಸ್ ಬಿ ಇದೆ ಅಂತ ಯಾವಾಗಲಾದರೂ ಹೇಳಿದ್ದರಾ? ಇದ್ದರೆ ನಾಳೆಯೇ ಹೋಗಿ. ಟೆನೊಫೊವಿರ್, ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ. ದಿಢೀರ್ ನಿಲ್ಲಿಸಿದರೆ ಲಿವರ್ ಕೆರಳಬಹುದು.

ಒಂದು ಮುಖ್ಯ ಮಾತು. ವೈರಲ್ ಲೋಡ್ ಮತ್ತೆ ಇಳಿಯುವ ತನಕ ಹಳೇಹುಲಿಯವರು ಹೇಳಿದ ರಕ್ಷಣೆ ನಿಮಗೆ ಇಲ್ಲ. ಅಲ್ಲಿಯವರೆಗೆ ಕಾಂಡೋಮ್ ಇರಲಿ. ಸಂಗಾತಿ ಪ್ರೆಪ್ (ಎಚ್‌ಐವಿ ಬರದಂತೆ ಮೊದಲೇ ತಗೊಳ್ಳುವ) ಮಾತ್ರೆ ತಗೊಳ್ಳಲೂಬಹುದು.

ಈಗ ದಾರಿಹೋಕರಿಗೆ. ಬಿಟ್ಟು ಹೋದವರನ್ನು ಕರೆತರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಬಂದ ದಿನ ಅವರಿಗೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲ ನಿಂತಿರುವುದು ಅಲ್ಲಿ. ವಾಪಸ್ ಬಂದವರನ್ನು ಬೈದು, ಮೂರು ಸಲ ಕೌನ್ಸೆಲಿಂಗ್‌ಗೆ ಬಾ, ಆಮೇಲೆ ಮಾತ್ರೆ ಕೊಡುತ್ತೇವೆ ಅಂದರೆ ಅದು ಶಿಕ್ಷೆ. ನಾನು ಮಾತ್ರೆ ಅವತ್ತೇ ಸಿಗುವ ಹಾಗೆ ನೋಡಿಕೊಳ್ಳುತ್ತೇನೆ, ಮಾತು ಆಮೇಲೆ. "ಯಾಕೆ ಬರಲಿಲ್ಲ" ಅನ್ನುವ ಪ್ರಶ್ನೆಯನ್ನು ಮೊದಲ ದಿನ ಕೇಳುವುದೇ ಇಲ್ಲ. ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ ಪಾಪ. ಸ್ಯಾನ್ ಫ್ರಾನ್ಸಿಸ್ಕೋದ ವಾರ್ಡ್ 86 ಅನ್ನುವ ಎಚ್‌ಐವಿ ಚಿಕಿತ್ಸಾ ಘಟಕದಲ್ಲಿ ಮನೆ ಇಲ್ಲದವರಿಗೆ ಅಂತ 2019ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ. ಅಪಾಯಿಂಟ್‌ಮೆಂಟ್ ಇಲ್ಲ, ಬಂದಾಗ ಬಂದರೆ ಸಾಕು. ದಿನಾಂಕ ತಪ್ಪಿಸಿದೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಹಳೇಹುಲಿ:
ರಾತ್ರಿಪಾಳಿ, ಒಬ್ಬನೇ ಹೋಗಬೇಡ ಮಾರಾಯ. ಯಾರನ್ನಾದರೂ ಕರೆದುಕೊಂಡು ಹೋಗು. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಕೂಗಾಡುವವರೂ ದನಿ ತಗ್ಗಿಸುತ್ತಾರೆ. ಆ ಒಬ್ಬರು ಸರಿಯಿಲ್ಲ ಅಂದರೆ ಬೇರೆ ಕೇಂದ್ರಕ್ಕೆ ವರ್ಗಾವಣೆ ಪತ್ರ ಕೇಳು. ಹಳೆಯ ಚಿಕಿತ್ಸಾ ಪುಸ್ತಕ ಇಟ್ಟುಕೊಂಡಿದ್ದೀಯಾ? ಪುಟಗಳ ಫೋಟೋ ತೆಗೆದು ಇಟ್ಟುಕೋ.

ರಾತ್ರಿಪಾಳಿ:
ಪುಸ್ತಕ ಇದೆ. ಹೆಪಟೈಟಿಸ್ ಬಿ ನೆಗೆಟಿವ್ ಅಂತ ಬರೆದಿದೆ. ಥ್ಯಾಂಕ್ಸ್.

ದಾರಿಹೋಕ:
ಓದುತ್ತಾ ತಲೆ ತಿರುಗುತ್ತಿದೆ. ನಾವು ಕಳಿಸುವ ಮೆಸೇಜಿನ ಒಕ್ಕಣೆಯೇ ಬದಲಾಗಬೇಕು ಅನ್ನಿಸುತ್ತಿದೆ. ಇನ್ನೊಂದು ಯೋಚನೆ: ಎಲ್ಲರನ್ನೂ ಸೇರಿಸಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿದರೆ? ಒಬ್ಬರಿಗೊಬ್ಬರು ಧೈರ್ಯ ಹೇಳಬಹುದು.

ಕಿವಿಗೊಡುವವಳು:
ಗುಂಪು ಬೇಡ! ಗುಂಪಿಗೆ ಸೇರಿಸಿದ ಕ್ಷಣ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ನಂಬರಿನ ಹಿಂದೆ ಫೋಟೋ, ಹೆಸರು. ಲಂಡನ್ನಿನ ಒಂದು ಕ್ಲಿನಿಕ್ 2015ರಲ್ಲಿ ಸುಮಾರು 780 ಜನರಿಗೆ ಸುದ್ದಿಪತ್ರ ಕಳಿಸುವಾಗ ಎಲ್ಲರ ಇಮೇಲ್ ವಿಳಾಸ ಎಲ್ಲರಿಗೂ ಕಾಣುವ ಹಾಗೆ ಕಳಿಸಿಬಿಟ್ಟಿತು. ಪಟ್ಟಿಯಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು. ಮುಂದಿನ ವರ್ಷ 1,80,000 ಪೌಂಡ್ ದಂಡ ಬಿತ್ತು. ದಂಡ ಕಟ್ಟಿದರೂ ಹೊರಗೆ ಬಿದ್ದ ಹೆಸರು ಒಳಗೆ ಹೋಗುವುದಿಲ್ಲ. ಒಬ್ಬರ ಜೊತೆ ಒಬ್ಬರು ಮಾತಾಡುವ ವ್ಯವಸ್ಥೆ ಇರಲಿ. ಗುಂಪಿಗೆ ಸೇರಬೇಕು ಅನ್ನುವವರು ಬೇರೆ ಹೆಸರು, ಬೇರೆ ನಂಬರಿನಲ್ಲಿ ತಾವೇ ಸೇರಲಿ.

ಮೆಸೇಜಿನ ಒಕ್ಕಣೆ ಬಗ್ಗೆ ಕೀನ್ಯಾದ ವೆಲ್‌ಟೆಲ್ ಪ್ರಯೋಗ ನೋಡಿ, 2010ರಲ್ಲಿ ಪ್ರಕಟವಾಯಿತು. ಅವರು ಮಾತ್ರೆ ಬಗ್ಗೆ ಏನನ್ನೂ ಬರೆಯುತ್ತಿರಲಿಲ್ಲ. ವಾರಕ್ಕೊಮ್ಮೆ "ಹೇಗಿದ್ದೀರಿ?" ಅನ್ನುವ ಒಂದೇ ಮಾತು, ಸ್ವಾಹಿಲಿಯಲ್ಲಿ. ಚೆನ್ನಾಗಿದ್ದೇನೆ ಅಥವಾ ತೊಂದರೆ ಇದೆ ಅಂತ ಉತ್ತರ ಬರಬೇಕು. ತೊಂದರೆ ಅಂದವರಿಗೆ, ಉತ್ತರ ಕೊಡದವರಿಗೆ ನರ್ಸ್ ಫೋನ್ ಮಾಡುತ್ತಿದ್ದರು. ಮೆಸೇಜ್ ಹೋದವರಲ್ಲಿ ಮಾತ್ರೆ ತಪ್ಪದೆ ತಗೊಂಡವರೂ ವೈರಸ್ ಇಳಿದವರೂ ಜಾಸ್ತಿ ಇದ್ದರು. ಅದು ಎಲ್ಲ ಬಗೆಯ ರೋಗಿಗಳ ಮೇಲೆ ನಡೆದದ್ದು, ಗೇ ಅಥವಾ ಟ್ರಾನ್ಸ್ ಜನರಿಗೆ ಅಂತಲ್ಲ. ಆದರೆ ನಮ್ಮವರಿಗೆ ಇನ್ನೂ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಫೋನನ್ನು ಬೇರೆಯವರು ತೆಗೆದು ನೋಡಿದರೂ ಅದರಲ್ಲಿ ಅನುಮಾನ ಬರುವಂಥದ್ದು ಏನೂ ಇಲ್ಲ ನೋಡಿ. ಆದರೆ ಆ ಕಡೆಯಿಂದ ಫೋನ್ ಮಾಡುವ ಮನುಷ್ಯ ಇರಬೇಕು. ಮಷೀನ್ ಮಾತ್ರ ಕೇಳಿದರೆ ಜನಕ್ಕೆ ಗೊತ್ತಾಗಿಬಿಡುತ್ತದೆ.

ಸುಮ್ನೆಓದುವವ:
ಇನ್ನೊಂದು ಪ್ರಶ್ನೆ. ಸಾಲು, ಹೆಸರು ಕೂಗುವುದು, ರಜೆ, ಇಷ್ಟೆಲ್ಲ ತೊಂದರೆ ಬರುವುದು ಪ್ರತಿ ತಿಂಗಳು ಹೋಗಬೇಕಾಗಿರುವುದರಿಂದ ಅಲ್ವಾ? ಆರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರೆ ಮುಗಿಯಿತಲ್ಲ.

ಮಾತ್ರೆಡಬ್ಬಿ:
ಸರಿಯಾಗಿ ಹೇಳಿದಿರಿ. ವೈರಲ್ ಲೋಡ್ ಇಳಿದು ಸ್ಥಿರವಾಗಿರುವವರಿಗೆ 3ರಿಂದ 6 ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತಿದೆ. ಕೋವಿಡ್ ಕಾಲದಲ್ಲಿ ತುಂಬಾ ದೇಶಗಳು ಹಾಗೇ ಮಾಡಿದವು. ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ 2008ರಿಂದ ಇನ್ನೊಂದು ದಾರಿ ಹಿಡಿದರು. ಆರು ಜನರ ಗುಂಪು, ಪ್ರತಿ ತಿಂಗಳು ಒಬ್ಬರು ಹೋಗಿ ಆರೂ ಜನರ ಮಾತ್ರೆ ತರುವುದು. ಹೋದವರು ಅವತ್ತೇ ತಮ್ಮ ತಪಾಸಣೆಯನ್ನೂ ಮಾಡಿಸಿಕೊಳ್ಳುತ್ತಿದ್ದರು.

ನೀಲಿಕೊಡೆ:
ಸ್ವಂತ ಕೋಣೆ ಇರುವವರಿಗೆ ಆರು ತಿಂಗಳ ಮಾತ್ರೆ ಚೆನ್ನ. ನಾವು ಒಂದು ಕೋಣೆಯಲ್ಲಿ ಹಲವರು ಇರುತ್ತೇವೆ. ಆರು ಡಬ್ಬಿ ಎಲ್ಲಿಡಲಿ? ಡಬ್ಬಿ ಅಲ್ಲಾಡಿಸಿದರೆ ಸದ್ದು. ನನಗೆ ಗೊತ್ತಿರುವವರು ಮಾತ್ರೆಯನ್ನು ವಿಟಮಿನ್ ಸೀಸೆಗೆ ಸುರಿದುಕೊಳ್ಳುತ್ತಾರೆ.

ಇನ್ನೂ ಒಂದಿದೆ. ತಿಂಗಳಿಗೊಮ್ಮೆ ಹೋದಾಗ ಪೀರ್ ಅಕ್ಕ (ನಮ್ಮಂಥವಳೇ, ಅಲ್ಲಿ ನೆರವಿಗೆ ಇರುವವಳು) ಒಬ್ಬಳು ಸಿಗುತ್ತಾಳೆ. ಅವಳ ಹತ್ತಿರ ಅತ್ತು ಬರುವವರಿದ್ದಾರೆ. ಆರು ತಿಂಗಳು ಬರಬೇಡಿ ಅಂದರೆ ಅವಳೂ ಕೈತಪ್ಪುತ್ತಾಳೆ. ಯಾರಿಗೆ ಎಷ್ಟು ತಿಂಗಳು ಬೇಕು ಅಂತ ಅವರನ್ನೇ ಕೇಳಲಿ.

ಮಾತ್ರೆಡಬ್ಬಿ:
ಒಪ್ಪಿದೆ ಅಕ್ಕಾ. ಆದರೆ ಮಾತ್ರೆಯನ್ನು ಬೇರೆ ಸೀಸೆಗೆ ಹಾಕುವಾಗ ಹುಷಾರು. ಡಬ್ಬಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನೂ ಜೊತೆಗೇ ಹಾಕಿ. ಮುಚ್ಚಳ ಗಟ್ಟಿಯಾಗಿರಲಿ. ಸದ್ದಾಗದಂತೆ ಸ್ವಲ್ಪ ಹತ್ತಿ ತುಂಬಿ.

ಮಾತ್ರೆಯೇ ಬೇಡ ಅನ್ನುವವರಿಗೆ ಇಂಜೆಕ್ಷನ್ ಬಂದಿದೆ. ಕ್ಯಾಬೊಟೆಗ್ರಾವಿರ್, ರಿಲ್ಪಿವಿರಿನ್ ಜೋಡಿ. ಅಮೆರಿಕದಲ್ಲಿ 2021ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು, ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈಯಲ್ಲಿ ಶಿಫಾರಸು ಮಾಡಿತು. ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು, ಮನೆಯಲ್ಲಿ ಡಬ್ಬಿ ಬಚ್ಚಿಡುವ ಕಷ್ಟವಿಲ್ಲ. ಆದರೆ ಎಲ್ಲ ಕಡೆ ಸಿಗುವುದಿಲ್ಲ. ಹೆಪಟೈಟಿಸ್ ಬಿ ಇರುವವರಿಗೆ ಇದು ಮಾತ್ರ ಸಾಲದು. ಚುಚ್ಚುವುದು ಪೃಷ್ಠದ ಸ್ನಾಯುವಿಗೆ. ಅಲ್ಲಿ ಸಿಲಿಕೋನ್ ಅಥವಾ ಫಿಲ್ಲರ್ ಹಾಕಿಸಿಕೊಂಡಿರುವ ಟ್ರಾನ್ಸ್ ಮಹಿಳೆಯರು ಮೊದಲೇ ಹೇಳಬೇಕು, ಔಷಧ ಸ್ನಾಯುವಿಗೆ ಸೇರದೇ ಹೋಗಬಹುದು. ಇಂಜೆಕ್ಷನ್ ತಪ್ಪಿಸಿದರೆ ಔಷಧ ಮೈಯಲ್ಲಿ ನಿಧಾನವಾಗಿ ಕರಗುತ್ತಾ ಹೋಗುತ್ತದೆ, ಆ ಹೊತ್ತಿನಲ್ಲಿ ವೈರಸ್ ಪ್ರತಿರೋಧ ಬೆಳೆಸಿಕೊಳ್ಳಬಹುದು. ಇಲ್ಲೂ ದಿನಾಂಕ ಬಿಡುವಂತಿಲ್ಲ.

ಹಳೇಹುಲಿ:
ನೀಲಿಕೊಡೆ ಅಕ್ಕನ ಒಂದು ಮಾತಿಗೆ ನನ್ನ ತಕರಾರಿದೆ. ನಮಗೆ ಅಂತಲೇ ಬೇರೆ ಕ್ಲಿನಿಕ್ ಅಂದಿರಲ್ಲ, ನನಗೆ ಅದು ಬೇಡ. ಆ ಬಾಗಿಲಲ್ಲಿ ನನ್ನನ್ನು ಕಂಡರೆ ಎರಡು ಗುಟ್ಟು ಒಟ್ಟಿಗೆ ಬಯಲು. ದೊಡ್ಡ ಆಸ್ಪತ್ರೆಯ ಜನಜಂಗುಳಿಯಲ್ಲಿ ನಾನು ಯಾರೂ ಅಲ್ಲ. ಅದೇ ನನಗೆ ಸುಖ.

ನೀಲಿಕೊಡೆ:
ನೀವು ಗುಂಪಿನಲ್ಲಿ ಕರಗಬಹುದು ಅಣ್ಣಾ. ನಾನು ಎಲ್ಲಿ ಹೋದರೂ ಕಾಣುತ್ತೇನೆ.

ಹಳೇಹುಲಿ:
ಅದು ನಿಜ. ಎರಡೂ ಬಗೆಯದು ಇರಬೇಕು ಹಾಗಾದರೆ.

ಕಿವಿಗೊಡುವವಳು:
ಬೇರೆ ಕ್ಲಿನಿಕ್‌ಗಳಿಗೆ ಇನ್ನೊಂದು ಅಪಾಯವಿದೆ. ಅವು ಹೆಚ್ಚಾಗಿ ಹೊರಗಿನ ದುಡ್ಡಿನ ಮೇಲೆ ನಿಂತಿರುತ್ತವೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ದಿಢೀರ್ ನಿಲ್ಲಿಸಿದಾಗ ದಕ್ಷಿಣ ಆಫ್ರಿಕಾದಲ್ಲಿ ಗೇ ಪುರುಷರಿಗೆ, ಟ್ರಾನ್ಸ್ ಜನರಿಗೆ ಅಂತ ಇದ್ದ ಕ್ಲಿನಿಕ್‌ಗಳು ಬಾಗಿಲು ಹಾಕಿದವು. ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂದರು. ಆ ಆಸ್ಪತ್ರೆಯಲ್ಲಿ ಅವಮಾನ ಆಗಿದ್ದಕ್ಕೇ ತಾನೇ ಅವರು ಅಲ್ಲಿಗೆ ಬಂದಿದ್ದು! ಅದಕ್ಕೇ ಸಾಮಾನ್ಯ ಕೇಂದ್ರದಲ್ಲಿ ಒಬ್ಬರಾದರೂ ಒಳ್ಳೆಯ ನರ್ಸ್, ಒಬ್ಬ ಡಾಕ್ಟರು ಯಾರು ಅಂತ ನಮಗೆ ಗೊತ್ತಿರಬೇಕು.

ರಾತ್ರಿಪಾಳಿ:
ಹೋಗಿ ಬಂದೆ. ಗೆಳೆಯನೊಬ್ಬನಿಗೆ ಎಲ್ಲ ಹೇಳಿದೆ, ಅವನೂ ಜೊತೆಗೆ ಬಂದ. ಕೌಂಟರಿನಲ್ಲಿ ಅದೇ ಮುಖ ಗಂಟು. ಡಾಕ್ಟರು ಮಾತ್ರ ಏನೂ ಅನ್ನಲಿಲ್ಲ, ತೂಕ ನೋಡಿ, ಕೆಮ್ಮು ಇದೆಯಾ ಕೇಳಿ, ರಕ್ತ ತೆಗೆಸಿದರು. ಅದೇ ಮಾತ್ರೆ ಅವತ್ತೇ ಸಿಕ್ಕಿತು. ಮೂರು ತಿಂಗಳಾದ ಮೇಲೆ ವೈರಲ್ ಲೋಡ್ ನೋಡಿ, ಇಳಿದಿದ್ದರೆ ಒಟ್ಟಿಗೆ ಜಾಸ್ತಿ ಮಾತ್ರೆ ಕೊಡುತ್ತಾರಂತೆ. ರಾತ್ರಿ ಪಾಳಿಯವರು ಯಾವಾಗ ಮಾತ್ರೆ ನುಂಗಬೇಕು?

ಮಾತ್ರೆಡಬ್ಬಿ:
ನಿಮಗೆ ಅನುಕೂಲವಾದ ಯಾವುದೇ ಹೊತ್ತು. ಡೊಲುಟೆಗ್ರಾವಿರ್‌ಗೆ ರಾತ್ರಿಯೇ ಆಗಬೇಕು ಅಂತಿಲ್ಲ, ಊಟವೂ ಬೇಕಿಲ್ಲ. ಕೆಲವರಿಗೆ ಇದರಿಂದ ನಿದ್ದೆ ಬರುವುದಿಲ್ಲ. ಹಾಗಾಗಿ ನೀವು ಮಲಗುವ ಮುಂಚೆ ಬೇಡ, ಎದ್ದ ಮೇಲೆ ತಗೊಳ್ಳಿ. ಪಾಳಿ ಬದಲಾದಾಗ ಕೆಲವು ಗಂಟೆ ಹಿಂದೆ ಮುಂದೆ ಆದರೆ ಗಾಬರಿ ಬೇಡ.

ದಾರಿಹೋಕ:
ನಿಮ್ಮ ಮಾತುಗಳನ್ನು ಇಟ್ಟುಕೊಂಡು ನಮ್ಮ ಕೇಂದ್ರದ ಮುಖ್ಯಸ್ಥರ ಹತ್ತಿರ ಹೋಗಿದ್ದೆ. ಹೆಸರು ಕೂಗುವ ಬದಲು ಟೋಕನ್ ನಂಬರ್ ಕೂಗಲು ಒಪ್ಪಿದರು, ಖರ್ಚಿಲ್ಲದ ಕೆಲಸ ಅಂದರು. ಕಾರ್ಡಿನ ಮೇಲೆ ಕರೆಯುವ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರಂತೆ, ದಾಖಲೆಯಲ್ಲಿ ಬದಲಿಸುವುದು ತಮ್ಮ ಕೈಯಲ್ಲಿಲ್ಲ ಅಂದರು. ಹಾರ್ಮೋನ್ ವಿಷಯ ಎತ್ತಿದಾಗ "ಅದು ನಮ್ಮ ವಿಭಾಗವಲ್ಲ" ಅಂದರು. ಸಂಜೆ ಹೊತ್ತು ತೆರೆಯಲು ಸುತಾರಾಂ ಒಪ್ಪಲಿಲ್ಲ, ಸಿಬ್ಬಂದಿ ಇಲ್ಲವಂತೆ. ಇದಕ್ಕೇನು ಮಾಡಲಿ?

ಕಿವಿಗೊಡುವವಳು:
ಇಡೀ ಕೇಂದ್ರ ತೆರೆಯಲು ಕೇಳಬೇಡಿ. ಮಾತ್ರೆ ಕೊಡುವ ಕಿಟಕಿ ಮಾತ್ರ, ವಾರದಲ್ಲಿ ಒಂದು ಸಂಜೆ, ಅದೂ ಸ್ಥಿರವಾಗಿರುವವರಿಗೆ. ಡಾಕ್ಟರು ಬೇಕಿಲ್ಲ, ಒಬ್ಬ ಫಾರ್ಮಸಿಸ್ಟ್ ಸಾಕು. ಅದಕ್ಕೂ ಇಲ್ಲ ಅಂದರೆ ಮೊದಲೇ ಕಟ್ಟಿಟ್ಟ ಪೊಟ್ಟಣವನ್ನು ನಿಮ್ಮ ಸಂಸ್ಥೆಯಿಂದ ಹಂಚಲು ಅನುಮತಿ ಸಿಗುತ್ತದಾ ಕೇಳಿ. ಕೇಳುವಾಗ ರಾತ್ರಿಪಾಳಿಯಂಥವರು ಎಷ್ಟು ಜನ ಇದ್ದಾರೆ ಅಂತ ಪಟ್ಟಿ ಮಾಡಿಕೊಂಡು ಹೋಗಿ. ಹೆಸರು ಬೇಡ, ಲೆಕ್ಕ ಮಾತ್ರ.

ಮಾತ್ರೆಡಬ್ಬಿ:
ಹಾರ್ಮೋನ್ ತಮ್ಮ ವಿಭಾಗ ಅಲ್ಲ ಅಂದವರಿಗೆ ಪೊಟ್ಯಾಸಿಯಂ ಪರೀಕ್ಷೆಯಾದರೂ ಬರೆದುಕೊಡಿ ಅನ್ನಿ. ಕೋಟ್ರೈಮೊಕ್ಸಜೋಲ್ ಕೊಡುತ್ತಿರುವುದು ಅವರೇ ತಾನೇ.